ಹುಡುಗರ ಕಂಪ್ಯೂಟರನ್ನು ಹಳತು ಮಾಡುವವರಿಗೆ

ವೆಬ್ ಫ್ರೇಮ್‌ವರ್ಕ್ ಕಲಿಸುತ್ತೇವೆಂದು ಬೋರ್ಡು ತೂಗುಹಾಕಿದವರು ಮಾಡುವ ಒಂದು ಕೆಲಸವಿದೆ. ನೋಟ್ಸಿನಲ್ಲಿರುವ ಪ್ರೋಗ್ರಾಮು ಹುಡುಗನ ಲ್ಯಾಪ್‌ಟಾಪಿನಲ್ಲಿ ಓಡದಿದ್ದರೆ ಅವರು ನೋಟ್ಸು ತಿದ್ದುವುದಿಲ್ಲ. ಲ್ಯಾಪ್‌ಟಾಪಿನಿಂದ ಹೊಸ ಆವೃತ್ತಿಯನ್ನು ಕಿತ್ತುಹಾಕಿಸಿ, ನೋಟ್ಸಿಗೆ ಹೊಂದುವ ಹಳೇ ಆವೃತ್ತಿಯನ್ನು ಹಾಕಿಸುತ್ತಾರೆ. ಪ್ರೋಗ್ರಾಮು ಓಡುತ್ತದೆ. ‘ನೋಡು, ನಿನ್ನ ಸಿಸ್ಟಮ್ಮೇ ಸರಿಯಿರಲಿಲ್ಲ’ ಎಂದು ತಪ್ಪನ್ನು ಹುಡುಗನ ತಲೆಗೆ ಕಟ್ಟುತ್ತಾರೆ. ಇದನ್ನು ನಾಸಿಕ್‌ನ ಕಾಲೇಜ್ ರೋಡಿನಲ್ಲೂ ಕಂಡೆ, ಛತ್ರಪತಿ ಸಂಭಾಜಿನಗರದ ಸಿಡ್ಕೊದಲ್ಲೂ ಕಂಡೆ. ಕಲಿಸುವವರಿಗೂ ಇದು ತಪ್ಪೆಂದು ಅನ್ನಿಸುತ್ತಿಲ್ಲ, ದುಡ್ಡು ಕೊಟ್ಟು ಕಲಿಯುವವರಿಗೂ ಅನ್ನಿಸುತ್ತಿಲ್ಲ.

ಸಂಭಾಜಿನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಹೊಸಬರನ್ನು ಪಳಗಿಸುವುದು ನನ್ನ ಕೆಲಸ. ಅದಕ್ಕೆ ಮೊದಲು ನಾಸಿಕ್‌ನಲ್ಲೂ ಅದೇ ಮಾಡುತ್ತಿದ್ದೆ. ಜಾಲನಾ, ಬೀಡ್, ಪರಭಣಿ, ಸಿನ್ನರ್, ಮಾಲೆಗಾಂವ್ ಕಡೆಯ ಮಕ್ಕಳು ಬರುತ್ತಾರೆ, ಆಗಾಗ ಬೀದರ್ ಜಿಲ್ಲೆಯವರೂ. ಬೀದರೂ ಮರಾಠವಾಡವೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಭಾಲ್ಕಿಯಲ್ಲಿ ರೈಲು ಹತ್ತಿದರೆ ಉದಗೀರ್, ಪರಳಿ ದಾಟಿ ಈ ಕಡೆ ಬಂದುಬಿಡಬಹುದು. ಹಾಗೆ ಬಂದ ಒಬ್ಬ ಹುಡುಗನ ಕೈಲಿ ಡಿಪ್ಲೊಮಾ ಇತ್ತು, ಹತ್ತಾರು ಸಾವಿರ ಸುರಿದು ಪಡೆದ ಒಂದು ‘ಫುಲ್ ಸ್ಟ್ಯಾಕ್’ ಸರ್ಟಿಫಿಕೇಟಿತ್ತು, ಸ್ಪೈರಲ್ ಬೈಂಡಿಂಗ್ ಮಾಡಿಸಿದ ನೋಟ್ಸಿತ್ತು. ಕಲಿಕೆಗೆಂದು ಅವನಿಗೆ ಕೊಟ್ಟದ್ದು ಚಿಕ್ಕ ಕೆಲಸ: ಈರುಳ್ಳಿ ಮಾರುಕಟ್ಟೆಯ ಅಡತಿ ವ್ಯಾಪಾರಿಗಳ ಪಟ್ಟಿ, ಅವರು ರೈತರಿಗೆ ಕೊಟ್ಟ ಬಿಲ್ಲುಗಳ ಪಟ್ಟಿ, ಎರಡನ್ನೂ ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕಿನಲ್ಲಿ ಜೋಡಿಸಬೇಕು. ಮಧ್ಯಾಹ್ನದ ಹೊತ್ತಿಗೆ ಮುಖ ಬಾಡಿಸಿಕೊಂಡು ಬಂದ.

‘ಸರ್, ನೋಟ್ಸಿನಾಗ ಇದ್ದಂಗೇ ಹೊಡ್ದೀನ್ರಿ. ಒಂದ್ ಅಕ್ಷರಾನೂ ತಪ್ಪಿಲ್ಲ.’

ನಿಜ, ಒಂದಕ್ಷರವೂ ತಪ್ಪಿರಲಿಲ್ಲ. ಪರದೆಯ ಕೆಳಗಿನ ಕೊನೆಯ ಸಾಲಿನಲ್ಲಿ ಮಾತ್ರ ‘ಆನ್-ಡಿಲೀಟ್’ ಎಂಬುದು ಬೇಕಿತ್ತು, ಕೊಟ್ಟಿಲ್ಲ ಎಂಬ ದೂರು. ಅವನ ನೋಟ್ಸಿನಲ್ಲಿ ಆ ಶಬ್ದವೇ ಇರಲಿಲ್ಲ.

ಈ ಶಬ್ದದ ಹಿಂದಿನ ಕತೆಯನ್ನು ಅವನ ಕ್ಲಾಸಿನಲ್ಲಿ ಒಬ್ಬರಾದರೂ ಹೇಳಿದ್ದರೆ ಹುಡುಗ ಫ್ರೇಮ್‌ವರ್ಕನ್ನು ಶಪಿಸುವ ಬದಲು ಅದಕ್ಕೆ ಕೈಮುಗಿಯುತ್ತಿದ್ದ. ಒಂದು ಬಿಲ್ಲು ಒಬ್ಬ ವ್ಯಾಪಾರಿಗೆ ಸೇರಿದ್ದು ಎಂದು ನಾವು ಬರೆದೊಡನೆ ಇವತ್ತಿನ ಜಾಂಗೋ ಒಂದು ಪ್ರಶ್ನೆ ಕೇಳುತ್ತದೆ: ನಾಳೆ ಆ ವ್ಯಾಪಾರಿಯ ಹೆಸರನ್ನು ಯಾರಾದರೂ ಅಳಿಸಿದರೆ ಅವನ ಬಿಲ್ಲುಗಳ ಗತಿಯೇನು? ಉತ್ತರ ಕೊಡದೆ ಮುಂದೆ ಬಿಡುವುದಿಲ್ಲ. ಹಿಂದಿನ ಜಾಂಗೋ ಇದನ್ನು ಕೇಳುತ್ತಿರಲಿಲ್ಲ. ವ್ಯಾಪಾರಿ ಹೋದರೆ ಬಿಲ್ಲುಗಳನ್ನೂ ಸದ್ದಿಲ್ಲದೆ ಅಳಿಸಿಬಿಡುತ್ತಿತ್ತು. ಲಾಸಲ್‌ಗಾಂವ್‌ನಲ್ಲಿ ಒಬ್ಬ ಅಡತಿ ಅಂಗಡಿ ಮುಚ್ಚಿದ, ಗುಮಾಸ್ತ ಪಟ್ಟಿಯಿಂದ ಅವನ ಹೆಸರು ತೆಗೆದ ಅನ್ನಿ. ಅವನು ರೈತರಿಂದ ತೂಗಿಸಿಕೊಂಡ ಅಷ್ಟೂ ಈರುಳ್ಳಿಯ ಲೆಕ್ಕ ಅವನ ಬೆನ್ನಿಗೇ ಮಾಯ. ಬಾಕಿ ಕೇಳಲು ಬಂದ ರೈತನಿಗೆ ತೋರಿಸಲು ಒಂದು ಸಾಲೂ ಇರುವುದಿಲ್ಲ. ಇಂಥ ಅನಾಹುತ ಬೇಡವೆಂದೇ 2015ರ ಡಿಸೆಂಬರಿನಲ್ಲಿ ಬಂದ 1.9ನೇ ಆವೃತ್ತಿ ಎಚ್ಚರಿಕೆ ಕೊಡಲು ಶುರುಮಾಡಿತು. 2017ರ ಡಿಸೆಂಬರಿನ 2.0 ಉತ್ತರವನ್ನು ಕಡ್ಡಾಯ ಮಾಡಿತು. ನಡುವೆ ಪೂರಾ ಎರಡು ವರ್ಷ ಕಾಲಾವಕಾಶ.

ಕ್ಲಾಸಿಗೆ ಫೋನು ಹಚ್ಚಿದ ಹುಡುಗನಿಗೆ ಸಿಕ್ಕ ಪರಿಹಾರ ಎರಡು. ಒಂದು, ಜಾಂಗೋ 1.11 ಹಾಕಿಕೋ. ಇನ್ನೊಂದು, ಎಲ್ಲ ಕಡೆ ‘ಕ್ಯಾಸ್ಕೇಡ್’ ಅಂತ ಬರೆದುಬಿಡು, ಸುಮ್ಮನಾಗುತ್ತದೆ. ಎರಡನೆಯ ಸಲಹೆ ಎಂಥದು ನೋಡಿ. ಕ್ಯಾಸ್ಕೇಡ್ ಎಂದರೆ ಹಿಂದಿನಂತೆಯೇ ಎಲ್ಲವನ್ನೂ ಅಳಿಸು ಎಂದರ್ಥ. ಯಾವ ಅಪಾಯ ತಪ್ಪಿಸಲೆಂದು ಪ್ರಶ್ನೆ ಇಟ್ಟರೋ ಅದೇ ಅಪಾಯವನ್ನು ಉತ್ತರವಾಗಿ ಬರೆಸಿದರು. ‘ಪ್ರೊಟೆಕ್ಟ್’ ಎಂದು ಬರೆದರೆ ಬಿಲ್ಲು ಇರುವ ತನಕ ವ್ಯಾಪಾರಿಯನ್ನು ಅಳಿಸಲು ಅದು ಬಿಡುವುದಿಲ್ಲ ಎಂಬ ಮಾತು ಆ ಕಡೆಯಿಂದ ಬರಲೇ ಇಲ್ಲ. ಮೊದಲನೆಯ ಸಲಹೆಯೂ ಒಂದಕ್ಕೇ ನಿಲ್ಲುವುದಿಲ್ಲ. 1.11 ಇಂದಿನ ಪೈಥಾನ್ ಭಾಷೆಯ ಮೇಲೆ ಓಡದು, ಹಾಗಾಗಿ ಪೈಥಾನ್ 3.6ನ್ನೂ ಹುಡುಕಿ ಹಾಕಿಕೊಳ್ಳಬೇಕು. ಜಾಂಗೋ 1.11ಕ್ಕೆ ಭದ್ರತಾ ತಿದ್ದುಪಡಿ ನಿಂತದ್ದು 2020ರ ಏಪ್ರಿಲ್‌ನಲ್ಲಿ, ಪೈಥಾನ್ 3.6ಕ್ಕೆ 2021ರ ಡಿಸೆಂಬರಿನಲ್ಲಿ. ಕೆಲಸ ಹುಡುಕಿ ಹೊರಟ ಹುಡುಗನ ಲ್ಯಾಪ್‌ಟಾಪು ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯುತ್ತದೆ. ಇವರ ನೋಟ್ಸು ಮಾತ್ರ ಇದ್ದಲ್ಲೇ ಇರುತ್ತದೆ.

ಕ್ಲಾಸು ನಡೆಸುವ ಸರ್‌ಗಳೇ, ನಿಮ್ಮ ಸಬೂಬು ನನಗೆ ಬಾಯಿಪಾಠ. ‘ಟೆಕ್ನಾಲಜಿ ದಿನಕ್ಕೊಂದು ಬದಲಾಗುತ್ತೆ, ಎಷ್ಟೂಂತ ಬೆನ್ನು ಹತ್ತೋದು?’ ದಿನಕ್ಕೊಂದು ಬದಲಾಗುವುದಿಲ್ಲ. ಜಾಂಗೋದ ಹೊಸ ಆವೃತ್ತಿ ಬರುವುದು ಸುಮಾರು ಎಂಟು ತಿಂಗಳಿಗೊಮ್ಮೆ. ಒಂದು ಸೌಲಭ್ಯವನ್ನು ತೆಗೆಯುವ ಮೊದಲು ಎಚ್ಚರಿಕೆಯ ಅವಧಿ ಕೊಡುತ್ತಾರೆ, ಏನು ಬದಲಾಯಿತೆಂದು ಪುಟಗಟ್ಟಲೆ ಬರೆದಿಡುತ್ತಾರೆ. ವಿಳಾಸಗಳನ್ನು ಜೋಡಿಸುವ ಹಳೆಯ ‘ಯುಆರ್‌ಎಲ್’ ವಿಧಾನಕ್ಕೆ 2020ರ ಆಗಸ್ಟಿನಲ್ಲಿ ನೋಟಿಸು ಕೊಟ್ಟು, 2021ರ ಡಿಸೆಂಬರಿನ 4.0ರಲ್ಲಿ ತೆಗೆದುಹಾಕಿದರು. ನಿಮ್ಮ ನೋಟ್ಸಿನಲ್ಲಿ ಅದು ಇನ್ನೂ ಇದೆ. ಹೊಸ ಬ್ಯಾಚು ಶುರುಮಾಡುವ ಮುನ್ನ ಒಂದು ಭಾನುವಾರ ಕೂತು, ನಿಮ್ಮದೇ ನೋಟ್ಸಿನ ಪ್ರೋಗ್ರಾಮುಗಳನ್ನು ಹೊಸದಾಗಿ ತಂದ ಒಂದು ಕಂಪ್ಯೂಟರಿನಲ್ಲಿ ಮೊದಲಿನಿಂದ ಕೊನೆವರೆಗೆ ಓಡಿಸಿ ನೋಡಿದ್ದೀರಾ? ಫೀಸಿನ ಪಟ್ಟಿ ಮಾತ್ರ ಪ್ರತಿ ಜೂನ್‌ನಲ್ಲಿ ತಪ್ಪದೆ ಹೊಸ ಆವೃತ್ತಿಗೆ ಬರುತ್ತದೆ.

ನಿಮ್ಮನ್ನಷ್ಟೇ ಬೈದು ಬಿಟ್ಟರೆ ಅನ್ಯಾಯ. ನೀವು ನಡೆದದ್ದು ದೊಡ್ಡವರು ಹಾಕಿಕೊಟ್ಟ ದಾರಿಯಲ್ಲೇ.

ಜಾವಾ ಅಪ್ಲೆಟ್ ನೆನಪಿದೆಯೇ? ಬ್ರೌಸರಿನೊಳಗೆ ಓಡುತ್ತಿದ್ದ ಆ ಪುಟ್ಟ ಜಾವಾ ಪ್ರೋಗ್ರಾಮುಗಳನ್ನು ಕ್ರೋಮ್ 2015ರ ಸೆಪ್ಟೆಂಬರಿನಲ್ಲಿ ಹೊರಗೆ ಹಾಕಿತು, ಫೈರ್‌ಫಾಕ್ಸ್ 2017ರ ಮಾರ್ಚಿನಲ್ಲಿ. ಅದೇ 2017ರ ಸೆಪ್ಟೆಂಬರಿನಲ್ಲಿ ಜಾವಾ 9 ತಾನೇ ಮುಂದೆ ಬಂದು ಇನ್ನು ಅಪ್ಲೆಟ್ ಬಳಸಬೇಡಿ ಎಂದಿತು. ಸಂಭಾಜಿನಗರದಲ್ಲೂ ವಿಭಾಗೀಯ ಕಚೇರಿ ಇಟ್ಟುಕೊಂಡಿರುವ ಮಹಾರಾಷ್ಟ್ರ ರಾಜ್ಯ ತಾಂತ್ರಿಕ ಶಿಕ್ಷಣ ಮಂಡಳಿ ಡಿಪ್ಲೊಮಾಗೆ ‘ಐ ಸ್ಕೀಮ್’ ಎಂಬ ಹೊಸ ಪಠ್ಯಕ್ರಮ ಜಾರಿಗೆ ತಂದದ್ದೂ 2017-18ರಲ್ಲೇ. ಅದರ ಜಾವಾ ಪತ್ರಿಕೆಯಲ್ಲಿ ಅಪ್ಲೆಟ್‌ಗೆ ಒಂದು ಅಧ್ಯಾಯವೇ ಇತ್ತು. ಆ ಸ್ಕೀಮಿನ ಮೊದಲ ತಂಡ ನಾಲ್ಕನೇ ಸೆಮಿಸ್ಟರಿಗೆ ಬಂದು ಜಾವಾ ಪುಸ್ತಕ ತೆರೆಯುವ ಹೊತ್ತಿಗೆ 2019 ಕಾಲಿಟ್ಟಿತ್ತು. ಅಷ್ಟರಲ್ಲಿ, 2018ರ ಸೆಪ್ಟೆಂಬರಿನ ಜಾವಾ 11ರಿಂದ, ಅಪ್ಲೆಟನ್ನು ಓಡಿಸಿ ತೋರಿಸುವ ‘ಅಪ್ಲೆಟ್‌ವ್ಯೂವರ್’ ಎಂಬ ಸಲಕರಣೆಯನ್ನೇ ತೆಗೆದಿದ್ದರು. ಹೊಸ ಜಾವಾ ಹಾಕಿಕೊಂಡ ಹುಡುಗಿ ಲ್ಯಾಬ್ ಮ್ಯಾನ್ಯುಯಲ್ ನೋಡಿ ಆ ಹೆಸರನ್ನು ಟೈಪು ಮಾಡಿದರೆ, ಅಂಥ ಆಜ್ಞೆ ನನಗೆ ಗೊತ್ತೇ ಇಲ್ಲ ಎನ್ನುತ್ತದೆ ವಿಂಡೋಸ್. ಅವಳು ನಾಲ್ಕು ಸಲ ಸ್ಪೆಲ್ಲಿಂಗ್ ನೋಡಿಕೊಳ್ಳುತ್ತಾಳೆ. ಪಕ್ಕದವಳ ಕಂಪ್ಯೂಟರಿನಲ್ಲಿ ಓಡುತ್ತಿದೆ, ತನ್ನದರಲ್ಲಿ ಇಲ್ಲ. ತನಗೇ ತಲೆ ಇಲ್ಲವೇನೋ ಎಂದುಕೊಳ್ಳುತ್ತಾಳೆ. ಕೊನೆಗೆ ಲ್ಯಾಬ್ ಅಸಿಸ್ಟೆಂಟ್ ಬಂದು ಜಾವಾ 8 ಹಾಕಿಕೊಡುತ್ತಾನೆ. ಅದೇ ಹಳೇ ಮದ್ದು.

ಪಠ್ಯಕ್ರಮ ಬದಲಿಸಲು ಸಮಿತಿ ಬೇಕು, ಸಭೆ ಬೇಕು, ವರ್ಷಗಳು ಬೇಕು. ಒಪ್ಪಿದೆ. ‘ಈ ಅಧ್ಯಾಯವನ್ನು ಇತಿಹಾಸವೆಂದು ಓದಿಸಿ, ಪ್ರಾಯೋಗಿಕ ಪರೀಕ್ಷೆಗೆ ಬೇಡ, ಇಂತಿಂಥ ಆವೃತ್ತಿಯ ನಂತರ ಇದು ಓಡುವುದಿಲ್ಲ’ ಎಂದು ಅರ್ಧ ಪುಟದ ಸುತ್ತೋಲೆ ಹೊರಡಿಸಲು ಯಾವ ಸಮಿತಿ ಬೇಕು? ಪರೀಕ್ಷೆಯ ವೇಳಾಪಟ್ಟಿ ಒಂದು ದಿನ ಹಿಂದೆಮುಂದೆ ಆದರೆ ಸುತ್ತೋಲೆ ಬರುತ್ತದಲ್ಲ!

ನಮ್ಮ ಕಡೆಯವರು ಇದನ್ನು ಓದಿ ಮರಾಠಿಗರ ಪಾಡೆಂದು ನಗಬೇಡಿ. ಕರ್ನಾಟಕದ ಪಿಯುಸಿ ಲ್ಯಾಬುಗಳಲ್ಲಿ ಎಷ್ಟೋ ವರ್ಷ ಮಿನುಗಿದ ಟರ್ಬೊ ಸಿ ಪ್ಲಸ್ ಪ್ಲಸ್‌ನ ಆ ನೀಲಿ ಪರದೆ 1990ರ ದಶಕದ ಆರಂಭದ ಸರಕು. ಸಿ ಪ್ಲಸ್ ಪ್ಲಸ್ ಭಾಷೆಗೆ ಮೊದಲ ಅಂತಾರಾಷ್ಟ್ರೀಯ ಮಾನಕ ಬಂದದ್ದೇ 1998ರಲ್ಲಿ. ಅಂದರೆ ಮಾನಕ ಹುಟ್ಟುವ ಮೊದಲಿನ ಭಾಷೆಯನ್ನು ನಾವು ಹೊಸ ಶತಮಾನದ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು. ಅದು ಹೊಸ ವಿಂಡೋಸ್‌ನಲ್ಲಿ ಓಡದಿದ್ದಾಗ, ಹಳೇ ಡಾಸ್‌ನ ವೇಷ ಹಾಕುವ ಇನ್ನೊಂದು ತಂತ್ರಾಂಶ ತಂದು ಅದರೊಳಗೆ ಓಡಿಸಿದೆವು. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.

ಫ್ರೇಮ್‌ವರ್ಕ್ ಕಟ್ಟುವ ದೊಡ್ಡ ಕಂಪನಿಗಳೂ ಸಾಚಾ ಅಲ್ಲ. ರಿಯಾಕ್ಟ್‌ಗೆ ‘ಹುಕ್ಸ್’ ಎಂಬ ಹೊಸ ವಿಧಾನ ಬಂದದ್ದು 2019ರ ಫೆಬ್ರವರಿಯಲ್ಲಿ. ಎಲ್ಲರೂ ಹೊಸ ದಾರಿ ಹಿಡಿದರು. ಆದರೆ ಅದನ್ನೇ ಮೊದಲ ಪಾಠದಿಂದ ಕಲಿಸುವ ಹೊಸ ಅಧಿಕೃತ ತಾಣ ಹೊರಬಿದ್ದದ್ದು 2023ರ ಮಾರ್ಚಿನಲ್ಲಿ. ನಾಲ್ಕು ವರ್ಷ ಹೊಸಬರು ಮೊದಲು ಹಳೆಯದನ್ನು ಕಲಿತು, ಆಮೇಲೆ ಅದನ್ನು ಮರೆತು, ಮತ್ತೆ ಕಲಿತರು. ಗೂಗಲ್ ಅಂತೂ 2016ರಲ್ಲಿ ಆ್ಯಂಗ್ಯುಲರನ್ನು ಬುಡಸಮೇತ ಹೊಸದಾಗಿ ಬರೆದು, ಹೆಚ್ಚುಕಡಿಮೆ ಅದೇ ಹೆಸರನ್ನು ಉಳಿಸಿಕೊಂಡಿತು. ಹುಡುಕಿದವನಿಗೆ ಎರಡರ ಪಾಠಗಳೂ ಕಲಸುಮೇಲೋಗರವಾಗಿ ಸಿಗುತ್ತಿದ್ದವು. ಹಳೆಯದಕ್ಕೆ ಪೂರ್ಣವಿರಾಮ ಬಿದ್ದದ್ದು 2021ರ ಕೊನೆಯ ದಿನ. ಇಷ್ಟು ದುಡ್ಡಿರುವವರಿಗೆ ಹೊಸಬನ ಮೇಲೆ ಇಷ್ಟು ಕಡಿಮೆ ಕರುಣೆ ಇರುವುದು ಸೋಜಿಗ. ಅವರ ಕಿವಿ ಹಿಂಡಲು ನನ್ನ ಕೈ ನಿಲುಕದು. ಹತ್ತಿರದವರ ಕಿವಿ ಸಿಗುತ್ತದೆ.

ಹತ್ತಿರದವರೆಂದರೆ ಕಲಿಯುವ ಹುಡುಗ ಹುಡುಗಿಯರೂ ಸೇರಿ. ನಿಮ್ಮ ಕಷ್ಟ ನಿಜ, ನಿಮಗೆ ಮೋಸವಾಗಿರುವುದೂ ನಿಜ. ಆದರೆ ‘ಡಾಕ್ಯುಮೆಂಟೇಶನ್ ಸರಿಯಿಲ್ಲ ಸರ್’ ಎಂಬ ಮಾತು ಎಷ್ಟೋ ಸಲ ಕುಣಿಯಲಾರದವಳ ನೆಲ ಡೊಂಕಿನ ಮಾತು. ಜಾಂಗೋದ ಅಧಿಕೃತ ಪಾಠದ ಮೊದಲ ಪುಟದಲ್ಲೇ ಬರೆದಿದೆ: ಈ ಪಾಠ ಇಂಥ ಆವೃತ್ತಿಗೆ ಬರೆದದ್ದು, ನಿಮ್ಮಲ್ಲಿ ಯಾವುದಿದೆ ಎಂದು ಈ ಆಜ್ಞೆ ಕೊಟ್ಟು ನೋಡಿಕೊಳ್ಳಿ, ಬೇರೆಯಿದ್ದರೆ ಪುಟದ ಮೂಲೆಯಲ್ಲಿ ನಿಮ್ಮದನ್ನು ಆರಿಸಿಕೊಳ್ಳಿ. ಬೆಂಬಲ ನಿಂತ ಆವೃತ್ತಿಯ ಪುಟ ತೆರೆದರೆ, ಇದು ಸುರಕ್ಷಿತವಲ್ಲ, ಹೊಸದಕ್ಕೆ ಹೋಗಿ ಎಂದು ನೆತ್ತಿಯ ಮೇಲೇ ಎಚ್ಚರಿಕೆ ಇರುತ್ತದೆ. (ಈ ಫ್ರೇಮ್‌ವರ್ಕ್ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ. 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ತಾರೀಖಿಲ್ಲದೆ ಪುಟ ಅಚ್ಚಿಗೆ ಬಿಡದವರ ನಡುವೆ ಬೆಳೆದದ್ದಕ್ಕೋ ಏನೋ, ಈ ಶಿಸ್ತು ಇದಕ್ಕೆ ಚೆನ್ನಾಗಿದೆ.) ಅದನ್ನು ಓದಿದವರು ನಿಮ್ಮಲ್ಲಿ ಎಷ್ಟು ಜನ? ಅದರ ಬದಲು ಐದು ಗಂಟೆಯ ಹಿಂದಿ ವಿಡಿಯೊ ಒಂದನ್ನು ದುಪ್ಪಟ್ಟು ವೇಗದಲ್ಲಿ ಓಡಿಸುತ್ತೀರಿ. ಅದು ಯಾವ ವರ್ಷದ್ದೆಂದು ನೋಡುವುದಿಲ್ಲ. ದೋಷ ಬಂದೊಡನೆ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದು, ಓರೆಯಾಗಿ, ಕೊನೆಯ ಸಾಲೇ ಕತ್ತರಿಸಿಹೋಗುವಂತೆ, ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತೀರಿ. ಪೈಥಾನ್‌ನ ದೋಷವಿವರದಲ್ಲಿ ಮುಖ್ಯವಾದ ಮಾತು ಇರುವುದೇ ಆ ಕೊನೆಯ ಸಾಲಿನಲ್ಲಿ.

ಕೊನೆಯ ವರ್ಷದ ಪ್ರಾಜೆಕ್ಟುಗಳ ಮಾತು ಎತ್ತಲೇಬಾರದು, ಆದರೂ ಎತ್ತುತ್ತೇನೆ. ಔರಂಗಾಬಾದ್, ಉಸ್ಮಾನಾಬಾದ್‌ಗಳ ಹೊಸ ಹೆಸರುಗಳಾದ ಸಂಭಾಜಿನಗರ, ಧಾರಾಶಿವಗಳಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ. ಊರ ಬೋರ್ಡುಗಳು ಬದಲಾದವು, ಪತ್ರಿಕೆಗಳು ಬದಲಾದವು. ಅದಾದ ಮೇಲೆ ‘ನಾನೇ ಮಾಡಿದ್ದು’ ಎಂದು ಒಬ್ಬ ಅಭ್ಯರ್ಥಿ ನನ್ನೆದುರು ತೆರೆದಿಟ್ಟ ಆಸ್ಪತ್ರೆ ನೋಂದಣಿ ಪ್ರಾಜೆಕ್ಟಿನಲ್ಲಿ ಜಿಲ್ಲೆಗಳ ಪಟ್ಟಿ ಬಿಚ್ಚಿದರೆ ಔರಂಗಾಬಾದ್ ಇತ್ತು, ಉಸ್ಮಾನಾಬಾದ್ ಇತ್ತು. ಅಷ್ಟಾದರೆ ಅಭ್ಯಾಸಬಲ ಎನ್ನಬಹುದಿತ್ತು. ಪಾಲ್ಘರ್ ಇರಲಿಲ್ಲ. ಠಾಣೆಯನ್ನು ಒಡೆದು ಪಾಲ್ಘರ್ ಜಿಲ್ಲೆ ಮಾಡಿದ್ದು 2014ರ ಆಗಸ್ಟಿನಲ್ಲಿ. ಹಾಗಾದರೆ ಆ ಪ್ರಾಜೆಕ್ಟು ಎಷ್ಟು ಕೈ ದಾಟಿ ಬಂದಿತ್ತೋ! ತಾನು ಇರುವ ಊರಿನ ಹೆಸರನ್ನಾದರೂ ನೋಡಿ ತಿದ್ದಬೇಕೆಂದು ಅನ್ನಿಸದವನಿಗೆ ಫ್ರೇಮ್‌ವರ್ಕ್ ಬದಲಾದದ್ದು ಕಂಡೀತೆ?

ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ನನ್ನ ಜೊತೆಯವರ ಮೇಲೆ. ಐದು, ಹತ್ತು ವರ್ಷ ಅನುಭವದ ಇಂಜಿನಿಯರುಗಳು. ಕಂಪನಿಯ ಹಳೇ ಕೋಡು ಹೊಸ ಕಂಪ್ಯೂಟರಿನಲ್ಲಿ ಏಳಬೇಕಾದರೆ ಯಾವ ಮೂರು ಕಡೆ ಕೈಯಿಡಬೇಕೆಂದು ಇವರಿಗೆ ಗೊತ್ತು. ಬರೆದಿಡುವುದಿಲ್ಲ. ‘ರೀಡ್‌ಮಿ’ ಕಡತದಲ್ಲಿ ಯಾವಾಗಲೋ ಬಿಟ್ಟುಹೋದವನು ಬರೆದ ಎರಡು ಸಾಲಿದೆ, ಅದರಲ್ಲೊಂದು ತಪ್ಪು. ಹೊಸಬಳು ಇಡೀ ದಿನ ಪರದಾಡಿ ಸಂಜೆ ಕೇಳಿದರೆ ಕುರ್ಚಿಯಿಂದ ಏಳದೆ, ‘ಹಾಂ, ಅದು ಎಲ್ಲರಿಗೂ ಬರುತ್ತೆ, ಆ ಫೈಲು ಡಿಲೀಟ್ ಮಾಡು’ ಎನ್ನುತ್ತಾರೆ. ಎಲ್ಲರಿಗೂ ಬರುತ್ತದೆಂದು ಗೊತ್ತಿದ್ದೂ ಒಂದು ಸಾಲು ಬರೆಯದ ಈ ಧಿಮಾಕಿಗೆ ಏನನ್ನಬೇಕು? ಕೇಳಿದರೆ ‘ಜಾವು ದೇ’ ಎನ್ನುತ್ತಾರೆ ಮರಾಠಿಯವರು, ‘ಹೋಗ್ಲಿ ಬಿಡು ಮಾರಾಯ’ ಎನ್ನುತ್ತಾರೆ ನಮ್ಮವರು. ನಾವೂ ಹೀಗೇ ಒದ್ದಾಡಿ ಕಲಿತೆವು ಎಂಬ ಹೆಮ್ಮೆ ಬೇರೆ. ನೀವು ಒದ್ದಾಡಿದ್ದು ನಿಮ್ಮ ಹಿಂದಿನವರ ಸೋಮಾರಿತನಕ್ಕೆ. ಅದನ್ನು ಗುರುಪರಂಪರೆ ಎಂಬಂತೆ ಮುಂದಿನವರಿಗೆ ದಾಟಿಸಬೇಡಿ. ಜಾಂಗೋ, ರಿಯಾಕ್ಟ್ ಎರಡರ ಡಾಕ್ಯುಮೆಂಟೇಶನ್ನೂ ಮುಕ್ತವಾಗಿದೆ. ತಪ್ಪು ಕಂಡವರು ತಿದ್ದಿ ಕಳಿಸಬಹುದು, ಸಾಲು ಸರಿಯಿದ್ದರೆ ಸೇರಿಸಿಕೊಳ್ಳುತ್ತಾರೆ. ವರ್ಷಗಟ್ಟಲೆ ಅದರಿಂದ ಅನ್ನ ತಿಂದವರಲ್ಲಿ ಒಂದು ಸಾಲು ಕಳಿಸಿದವರನ್ನು ನಾನು ಈ ಎರಡೂ ಊರುಗಳಲ್ಲಿ ಹುಡುಕಿ ನೋಡಬೇಕಾಗಿದೆ.

ಈಗ ಎಐ ಇದೆಯಲ್ಲ, ನೋಟ್ಸಿನ ಗೊಡವೆ ಏಕೆ ಎನ್ನುವವರಿದ್ದಾರೆ. ಅದು ಓದಿ ಬೆಳೆದದ್ದು ಇಷ್ಟು ವರ್ಷ ಎಲ್ಲರೂ ಬರೆದು ಎಸೆದ, ತಾರೀಖಿಲ್ಲದ ಇದೇ ರಾಶಿಯನ್ನು. ಯಾವ ಆವೃತ್ತಿ ಎಂದು ಹೇಳದೆ ಕೇಳಿದರೆ 2018ರ ಉತ್ತರವನ್ನು ಇವತ್ತಿನದೆಂಬ ಧೈರ್ಯದಲ್ಲಿ ಕೊಟ್ಟುಬಿಡುತ್ತದೆ. ಆವೃತ್ತಿ ಕೇಳುವ ಅಭ್ಯಾಸ ಇರುವವನಿಗೆ ಅದು ಒಳ್ಳೆಯ ಸಹಾಯಕ. ಆ ಅಭ್ಯಾಸ ಇಲ್ಲದವನಿಗೆ ಸ್ಪೈರಲ್ ಬೈಂಡಿಂಗ್ ಇಲ್ಲದ ಇನ್ನೊಂದು ನೋಟ್ಸು, ಅಷ್ಟೇ.

ನಾಸಿಕ್ ರೋಡಿನ ಮುದ್ರಣಾಲಯದಲ್ಲಿ ದೇಶದ ಕರೆನ್ಸಿ ಅಚ್ಚಾಗುತ್ತದೆ. 2005ಕ್ಕಿಂತ ಮೊದಲಿನ ನೋಟುಗಳ ಹಿಂಬದಿಯಲ್ಲಿ ಮುದ್ರಣದ ವರ್ಷ ಇರುತ್ತಿರಲಿಲ್ಲ. ವರ್ಷವಿಲ್ಲದ ಆ ನೋಟುಗಳನ್ನು ಹಿಂದಕ್ಕೆ ಪಡೆಯುತ್ತೇವೆಂದು ರಿಸರ್ವ್ ಬ್ಯಾಂಕ್ 2014ರ ಜನವರಿಯಲ್ಲಿ ಹೇಳಿತು, ಜನ ಬ್ಯಾಂಕಿಗೆ ಹೋಗಿ ಬದಲಿಸಿಕೊಂಡರು. ಅದೇ ಊರಿನ ಕ್ಲಾಸುಗಳು ಹಂಚುವ ನೋಟ್ಸಿನ ಮೇಲೆ ಕ್ಲಾಸಿನ ಹೆಸರು, ಸರ್ ಫೋಟೊ, ಕೆಲಸ ಸಿಕ್ಕವರ ಫೋಟೊ ಎಲ್ಲ ಇರುತ್ತದೆ. ಯಾವ ಆವೃತ್ತಿ, ಕೊನೆಯ ಸಲ ಓಡಿಸಿ ನೋಡಿದ್ದು ಯಾವಾಗ, ಇವೆರಡು ಇರುವುದಿಲ್ಲ. ಕಲಿಯಲು ಹೊರಟವರು ಫೀಸು ಕಟ್ಟುವ ಮೊದಲು ಆ ಎರಡನ್ನೇ ಕೇಳಿ. ಉತ್ತರ ಬರದಿದ್ದರೆ ಎದ್ದು ಬನ್ನಿ. ಕಲಿಸುವವರೇ, ಎಲ್ಲವನ್ನೂ ಒಂದೇ ಸಲ ತಿದ್ದಲಾಗದಿದ್ದರೆ ಮೊದಲ ಪುಟದಲ್ಲಿ ಆ ಎರಡು ಸಾಲನ್ನಾದರೂ ಅಚ್ಚು ಹಾಕಿಸಿ. ಆವೃತ್ತಿ ಬರೆದಿದ್ದರೆ ಅದರ ಆಯುಷ್ಯವೂ ತಿಳಿಯುತ್ತದೆ: ಜಾಂಗೋ 4.2ಕ್ಕೆ ಭದ್ರತಾ ಬೆಂಬಲ ಕೊಡುವುದಾಗಿ ಹೇಳಿದ್ದು 2026ರ ಏಪ್ರಿಲ್‌ವರೆಗೆ ಮಾತ್ರ. ಅದರ ನಂತರದ ದೀರ್ಘಾವಧಿ ಬೆಂಬಲದ ಆವೃತ್ತಿ 5.2, ಅದು 2025ರ ಏಪ್ರಿಲ್‌ನಲ್ಲೇ ಬಂದಾಗಿದೆ.